ಕನ್ನಡದಲ್ಲಿ ಶುರುವಾದ ಶಾಲೆ: ಬಾಸೆಲ್ ಮಿಶನ್ನಿನ ವಿದ್ಯಾಕಾರ್ಯದ ಹಾದಿ

ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1836ರಲ್ಲಿ ಕನ್ನಡ ಶಾಲೆ ತೆರೆಯಿತು. ಇಂಗ್ಲಿಷ್ ಶಾಲೆ ತೆರೆದದ್ದು 1838ರಲ್ಲಿ. ಜಿಲ್ಲೆಯಲ್ಲಿ ಮೊದಲು ಇಂಗ್ಲಿಷ್ ಕಲಿಸಿದ ಶಾಲೆ ಎಂಬ ಹೆಮ್ಮೆ ದೊಡ್ಡದೇ. ಇಂದಿನ ಬಿ.ಇ.ಎಂ. (ಬಾಸೆಲ್ ಇವ್ಯಾಂಜೆಲಿಕಲ್ ಮಿಶನ್) ಹೈಸ್ಕೂಲು ತನ್ನ ಹುಟ್ಟನ್ನು ಎಣಿಸುವುದೂ 1838ರಿಂದಲೇ. ಆದರೆ ಈ ಸಂಸ್ಥೆ ಯಾವ ಮೌಲ್ಯಗಳ ಮೇಲೆ ನಿಂತಿತು ಎಂದು ತಿಳಿಯಬೇಕಾದರೆ ಅದಕ್ಕೂ ಎರಡು ವರ್ಷ ಹಿಂದಿನ ಆ ಸಣ್ಣ ಕನ್ನಡ ಶಾಲೆಯಿಂದಲೇ ಹೊರಡಬೇಕು. ಊರಿನ ಭಾಷೆಯಲ್ಲಿ ಕಲಿಸಬೇಕು, ಬಂದವರನ್ನು ಜಾತಿ ಕೇಳದೆ ಕೂರಿಸಿಕೊಳ್ಳಬೇಕು ಎಂಬ ಎರಡು ತೀರ್ಮಾನಗಳು ಅಲ್ಲಿ ಆಗಿದ್ದವು. ಮುಂದಿನ ಮುದ್ರಣಾಲಯ, ಪತ್ರಿಕೆ, ನಿಘಂಟು, ನೇಯ್ಗೆ, ಹಂಚು ಎಲ್ಲವೂ ಈ ಎರಡರಿಂದಲೇ ಬೆಳೆದವು ಎಂಬುದು ನನ್ನ ನಂಬಿಕೆ.

1815–1834: ಬಾಸೆಲ್‌ನಿಂದ ಮಂಗಳೂರಿಗೆ

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಮಿಶನ್ ಸಂಸ್ಥೆ ಹುಟ್ಟಿತು. ಅದಕ್ಕೆ ಸೇರಿದ ಯುವಕರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು ಬಹಳ. ಬೆಳಗಿನ ಪ್ರಾರ್ಥನೆ ಮತ್ತು ದಿನವಿಡೀ ಕೈಕೆಲಸ, ಇವೆರಡೂ ಅವರ ಭಕ್ತಿಪಂಥದಲ್ಲಿ ಒಂದೇ ವ್ರತದ ಎರಡು ಭಾಗ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವಿದ್ದ ಪ್ರದೇಶಗಳಲ್ಲಿ ಬ್ರಿಟಿಷರಲ್ಲದ ಮಿಶನರಿಗಳು ಕೆಲಸ ಮಾಡಲು 1833ರ ಸನ್ನದು ಕಾಯಿದೆ ದಾರಿ ತೆರೆಯಿತು. ಮರುವರ್ಷವೇ ಸ್ಯಾಮುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಗೆ ಬಂದಿಳಿದು, 1834ರ ಅಕ್ಟೋಬರ್ 30ರಂದು ಮಂಗಳೂರು ಸೇರಿದರು.

ಆಗಿನ ಕೆನರಾ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದಾಗ ಬೇರೆ ಕಲೆಕ್ಟರರು ಪಟ್ಟಿ ಕಳಿಸಿದರು, ಕೆನರಾದಿಂದ ಮಾತ್ರ ಅಂಥ ಪಟ್ಟಿ ಹೋಗಲಿಲ್ಲ. ಇಲ್ಲಿ ಓದು ಬಹುಮಟ್ಟಿಗೆ ಮನೆಮನೆಯಲ್ಲೇ ನಡೆಯುತ್ತಿತ್ತು. ಉಳ್ಳವರು ಮನೆಗೆ ಐಗಳನ್ನು ಕರೆಸಿ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮೂರ್ತೆ (ಶೇಂದಿ ಇಳಿಸುವ ಕಸುಬು) ಮಾಡುವವನ ಮಗ, ಗೇಣಿಗೆ ಗದ್ದೆ ಮಾಡುವವನ ಮಗಳು, ಮೊಗವೀರರ ಹುಡುಗ ಇವರಿಗೆ ಆ ಮನೆಗಳ ಜಗಲಿ ಹತ್ತುವ ಅವಕಾಶವೇ ಇರಲಿಲ್ಲ. ಶಾಲೆ ಎಂದರೆ ಎಲ್ಲರಿಗೂ ಸೇರಿದ ಒಂದು ಕಟ್ಟಡ ಎಂಬ ಕಲ್ಪನೆಯೇ ಊರಿಗೆ ಹೊಸದಾಗಿತ್ತು.

1836–1840: ಮೊದಲ ಪಾಠ, ಮೊದಲ ಬೆಟ್ಟ

ಜಿಲ್ಲೆಯಲ್ಲಿ ಹೆಚ್ಚಿನವರ ಮನೆಮಾತು ತುಳು. ಪೇಟೆಯಲ್ಲಿ ಕೊಂಕಣಿಯೂ ಬ್ಯಾರಿಯೂ ಕೇಳುತ್ತಿದ್ದವು. ಕಚೇರಿಯ ಕಾಗದ, ಕೋರ್ಟಿನ ವ್ಯವಹಾರ, ದೇವಸ್ಥಾನದ ಲೆಕ್ಕ ಇವೆಲ್ಲ ಕನ್ನಡದಲ್ಲಿ. ಹೀಗಾಗಿ ಮಿಶನ್ ಶಾಲೆಗೆ ಬಂದ ಹುಡುಗರಲ್ಲಿ ಬಹಳ ಮಂದಿಗೆ ಕನ್ನಡವೂ ಕಲಿತೇ ಬರಬೇಕಾದ ಭಾಷೆ. ಆದರೂ ಶಾಲೆ ಕನ್ನಡವನ್ನೇ ಹಿಡಿಯಿತು. ಅದರ ಫಲ ಮುಂದೆ ದೂರ ಹೋಯಿತು. ಮಿಶನ್ ಮುದ್ರಣಾಲಯ ತುಳುವನ್ನು ಅಚ್ಚು ಹಾಕಲು ಹೊರಟಾಗ ಆರಿಸಿಕೊಂಡ ಲಿಪಿ ಕನ್ನಡದ್ದು, ಏಕೆಂದರೆ ಶಾಲೆಯಲ್ಲಿ ಕಲಿತ ಕಣ್ಣಿಗೆ ಅಭ್ಯಾಸವಾಗಿದ್ದ ಲಿಪಿ ಅದೇ. ಮತ್ತಾಯನ ಸುವಾರ್ತೆ 1842ರಲ್ಲಿ ತುಳುವಿನಲ್ಲಿ ಹೊರಬಂತು. ಮಿಶನರಿಗಳಾದ ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಬಂದವು. ಕನ್ನಡ ಮತ್ತು ತುಳು ಒಂದೇ ಲಿಪಿಯ ಆಸರೆಯಲ್ಲಿ ಇಂದಿಗೂ ಜೊತೆಯಾಗಿ ನಡೆಯುತ್ತಿರುವುದರಲ್ಲಿ ಆ ತರಗತಿಗಳ ಪಾಲು ದೊಡ್ಡದು.

ಶಾಲೆ ಬೇರು ಬಿಡುತ್ತಿದ್ದ ಹೊತ್ತಿಗೇ, 1837ರ ಏಪ್ರಿಲಿನಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ಅಮರ ಸುಳ್ಯದ ದಂಗೆ ಮಂಗಳೂರಿನವರೆಗೆ ಬಂದು ಕೆಲವು ದಿನ ಊರನ್ನೇ ಹಿಡಿದಿತ್ತು. ಕಂದಾಯದ ಭಾರಕ್ಕೆ ಬೇಸತ್ತ ರೈತರ ಸಿಟ್ಟು ಅದು. ಪರದೇಶದವರು ನಡೆಸುತ್ತಿದ್ದ ಶಾಲೆಗೆ ಅಂಥ ಹೊತ್ತಿನಲ್ಲಿ ಊರಿನ ವಿಶ್ವಾಸ ಗಳಿಸುವುದು ಸುಲಭವಿರಲಿಲ್ಲ. ಮರುವರ್ಷವೇ ಇಂಗ್ಲಿಷ್ ಶಾಲೆ ತೆರೆದು, ಪೇಟೆಯ ಸಾರಸ್ವತ ಮತ್ತು ಇತರ ಬ್ರಾಹ್ಮಣ ಮನೆಗಳ ಹುಡುಗರು ಅದಕ್ಕೆ ಬಂದರು ಎಂದರೆ ಆ ವಿಶ್ವಾಸ ಸ್ವಲ್ಪವಾದರೂ ಕುದುರಿತ್ತು ಎಂದೇ ಅರ್ಥ.

ಜಿಲ್ಲೆಯಲ್ಲಿ ಕಲೆಕ್ಟರರಾಗಿದ್ದ ಎಚ್.ಎಂ. ಬ್ಲೇರ್ 1840ರಲ್ಲಿ ಬಲ್ಮಠದ ಗುಡ್ಡವನ್ನು ಮಿಶನ್ನಿಗೆ ಕೊಟ್ಟರು. ಆ ಗುಡ್ಡವೇ ಮುಂದೆ ಮಿಶನ್ನಿನ ವಿದ್ಯಾಕೇಂದ್ರವಾಯಿತು. ಧರ್ಮೋಪದೇಶಕರನ್ನು ತಯಾರು ಮಾಡುವ ಸೆಮಿನರಿ 1847ರಲ್ಲಿ ಅಲ್ಲಿ ನೆಲೆಗೊಂಡಿತು. ಇಂದಿನ ಕರ್ನಾಟಕ ತಿಯೊಲಾಜಿಕಲ್ ಕಾಲೇಜು ಅದರ ಮುಂದುವರಿಕೆ. ಮುರಕಲ್ಲಿನ ದಪ್ಪ ಗೋಡೆ, ಉದ್ದನೆಯ ಜಗಲಿ, ಮಳೆನೀರು ಸರಾಗವಾಗಿ ಇಳಿಯುವಂಥ ಇಳಿಜಾರಿನ ಮಾಡು, ಈ ಕಟ್ಟಡಶೈಲಿಯನ್ನು ಕರಾವಳಿಯ ಹಳೆಯ ಶಾಲೆಗಳಲ್ಲಿ ಇಂದೂ ಕಾಣಬಹುದು.

1841–1853: ಮೊಗ್ಲಿಂಗರ ಕಾಲ

ಟ್ಯೂಬಿಂಗೆನ್‌ನಲ್ಲಿ ಓದಿದ ಹೆರ್ಮನ್ ಮೊಗ್ಲಿಂಗ್ ಇಲ್ಲಿಗೆ ಬಂದಿಳಿದದ್ದು 1836ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ. ಶಾಲೆಯ ಚರಿತ್ರೆಯಲ್ಲಿ ಅತಿ ಹೆಚ್ಚು ಪುಟ ಬೇಡುವ ವ್ಯಕ್ತಿ ಇವರೇ. ವಿದ್ಯಾರ್ಥಿಗಳ ನಡುವೆಯೇ ಬಾಳಬೇಕು, ಅವರು ಉಣ್ಣುವುದನ್ನೇ ಉಣ್ಣಬೇಕು ಎಂಬುದು ಅವರ ಹಟವಾಗಿತ್ತು. ಗುರು ಬಂಗಲೆಯಲ್ಲಿ, ಶಿಷ್ಯ ಕೆಳಗೆ ಎಂಬ ಏರ್ಪಾಟು ಅವರಿಗೆ ಒಗ್ಗಲಿಲ್ಲ.

ಕಲಿಸಲು ಪುಸ್ತಕ ಬೇಕಿತ್ತು. ಓಲೆಗರಿಯನ್ನು ನಂಬಿ ತರಗತಿ ನಡೆಸಲಾಗದು. ಈ ಕೊರತೆ ತುಂಬಲು 1841ರಲ್ಲಿ ಕಲ್ಲಚ್ಚಿನ ಯಂತ್ರ ಬಂತು. ಅದೇ ಕಲ್ಲಚ್ಚಿನಿಂದ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಟಿತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಪತ್ರಿಕೆ, ಬೆಲೆ ಒಂದು ದುಡ್ಡು. ಕನ್ನಡದ ಮೊದಲ ಪತ್ರಿಕೆ ಎಂದು ನಾವು ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಓದಲು ಕಲಿತವನ ಕೈಗೆ ಓದುವುದಕ್ಕೆ ಏನಾದರೂ ಕೊಡಬೇಕು ಎಂಬ ಮೇಷ್ಟರ ಕಾಳಜಿಯೂ ಅದರ ಹಿಂದೆ ಇತ್ತು ಎಂಬುದನ್ನು ಮರೆಯಬಾರದು. ಊರ ಸುದ್ದಿ, ಸರಕಾರದ ನಿರೂಪ, ಅನ್ಯದೇಶದ ಸಂಗತಿ, ಕಥೆ ಎಲ್ಲವೂ ಅದರಲ್ಲಿ ಇರುತ್ತಿದ್ದವು. ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ತಾಳಿತು.

ನಾಡಿನ ಕಾವ್ಯಗಳನ್ನು ಮೊಗ್ಲಿಂಗ್ ಪ್ರೀತಿಯಿಂದ ಓದಿದರು. ಕ್ಯಾಸಮೇಜರ್ ಎಂಬ ಬ್ರಿಟಿಷ್ ಅಧಿಕಾರಿಯ ಧನಸಹಾಯದಿಂದ 1848ರಿಂದ 1853ರ ನಡುವೆ 'ಬಿಬ್ಲಿಯೊತೆಕಾ ಕರ್ನಾಟಿಕಾ' ಮಾಲೆ ಹೊರತಂದರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಅಚ್ಚಿನಲ್ಲಿ ಬಂದವು. ಕ್ರೈಸ್ತ ಮಿಶನ್ನಿನ ಯಂತ್ರದಲ್ಲಿ ಹರಿದಾಸರ ಪದಗಳು ಅಚ್ಚಾದದ್ದು ನಾಡಿನ ಸಾಂಸ್ಕೃತಿಕ ಚರಿತ್ರೆಯ ದೊಡ್ಡ ಸಂಗತಿ. ಬಾಸೆಲ್‌ನ ಹಿರಿಯರಿಗೂ ಇಲ್ಲಿಯವರಿಗೂ ಈ ವಿಷಯದಲ್ಲಿ ಎಲ್ಲ ಸಮಯವೂ ಒಂದೇ ಅಭಿಪ್ರಾಯವಿರಲಿಲ್ಲ. ಸುವಾರ್ತೆಯ ಕೆಲಸಕ್ಕೆಂದು ಬಂದವರು ಪುರಾಣ, ಛಂದಸ್ಸುಗಳಲ್ಲಿ ಹೊತ್ತು ಕಳೆಯಬೇಕೆ ಎಂಬ ಪ್ರಶ್ನೆ ಮುಂದೆ ನಿಘಂಟುಕಾರ ಕಿಟ್ಟೆಲ್ ಅವರಿಗೂ ಎದುರಾಯಿತು. ಎರಡು ಕಡೆಯವರ ಶ್ರದ್ಧೆಯೂ ಪ್ರಾಮಾಣಿಕವೇ. ಕಾಲ ಯಾರ ಕೆಲಸವನ್ನು ಉಳಿಸಿಕೊಂಡಿತು ಎಂಬುದು ಮಾತ್ರ ಇಂದು ನಮ್ಮ ಕಪಾಟುಗಳಲ್ಲಿ ಕಾಣುತ್ತದೆ.

1844: ಕಠಿಣ ವರ್ಷ

ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ಇನ್ನಿಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರು ತಳಮಳಗೊಂಡಿತು. ಹಲವು ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿದರು. ಅವರ ಭಯ, ನೋವು ಅರ್ಥವಾಗದ್ದಲ್ಲ. ಅಕ್ಷರ ಕಲಿಯಲು ಕಳಿಸಿದ ಮಗ ಮನೆಯ ದೇವರ ಕೋಣೆಗೆ ದೂರವಾದರೆ ಯಾವ ತಾಯಿಗೂ ಅದು ಸಣ್ಣ ಮಾತಲ್ಲ. ಕೌಂಡಿನ್ಯರ ಸಂಸಾರವೂ ಅದರಿಂದ ಒಡೆಯಿತು.

ಈ ಘಟನೆಯನ್ನು ಸ್ಮರಣ ಸಂಚಿಕೆಗಳಲ್ಲಿ ಒಂದೆರಡು ಸಾಲಿನಲ್ಲಿ ದಾಟಿಸುವುದುಂಟು. ನನಗೆ ಹಾಗೆ ದಾಟಲು ಮನಸ್ಸಿಲ್ಲ. ಶಾಲೆ ಆಗ ನಡೆದುಕೊಂಡ ರೀತಿಯಲ್ಲಿ ಅದರ ಸ್ವಭಾವ ಕಾಣುತ್ತದೆ. ಬೇಸರಪಟ್ಟು ಅದು ಇಂಗ್ಲಿಷ್ ಶಾಲೆಯನ್ನು ಕೈಬಿಡಲಿಲ್ಲ. ಕ್ರೈಸ್ತರ ಮಕ್ಕಳಿಗೆ ಮಾತ್ರ ಎಂದು ಬಾಗಿಲನ್ನು ಕಿರಿದು ಮಾಡಿಕೊಳ್ಳಲೂ ಇಲ್ಲ. ಮೆಲ್ಲನೆ ಮಕ್ಕಳು ಮರಳಿದರು. ಆಮೇಲಿನ ತಲೆಮಾರುಗಳಲ್ಲಿ ಹಿಂದೂ, ಮುಸ್ಲಿಂ, ಜೈನ ಮನೆಗಳ ಮಕ್ಕಳೇ ಅಲ್ಲಿ ಬಹಳವಾಗಿ ಓದಿ ಹೊರಬಂದರು, ತಮ್ಮ ತಮ್ಮ ನಂಬಿಕೆಯಲ್ಲೇ ಇದ್ದುಕೊಂಡು ಶಾಲೆಯನ್ನು 'ನಮ್ಮ ಮಿಶನ್ ಶಾಲೆ' ಎಂದು ಕರೆದರು.

ಕೌಂಡಿನ್ಯರು 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಬಲ್ಮಠದ ಸೆಮಿನರಿಯಲ್ಲಿ ದೀರ್ಘಕಾಲ ಕಲಿಸಿದರು. ಕೊಡಗಿನಲ್ಲಿ ಹೊಲೆಯ ಸಮುದಾಯದ ಕುಟುಂಬಗಳಿಗಾಗಿ ಆನಂದಪುರವೆಂಬ ಊರು ಕಟ್ಟುವುದಕ್ಕೆ ನಿಂತವರೂ ಅವರೇ. ಮೇಲ್ಜಾತಿಯ ಮನೆಯಲ್ಲಿ ಹುಟ್ಟಿದ ಈ ಶಾಲೆಯ ವಿದ್ಯಾರ್ಥಿಯೊಬ್ಬ ತನ್ನ ದುಡಿಮೆಯನ್ನು, ತೋಟವನ್ನು ಆ ಕುಟುಂಬಗಳ ನಡುವೆ ಇಟ್ಟನೆಂಬುದು ಶಾಲೆ ಕಲಿಸಿದ ಪಾಠಕ್ಕೆ ಸಿಕ್ಕ ಉತ್ತರಗಳಲ್ಲೊಂದು.

1844–1914: ಕೈಕೆಲಸ, ಪಠ್ಯ, ಹೊಸ ಊರುಗಳು

ಮತಾಂತರಗೊಂಡವರಲ್ಲಿ ಬಿಲ್ಲವರು ಬಹಳ. ಮೂರ್ತೆ ಬಿಟ್ಟ ಮೇಲೆ, ಗೇಣಿಯ ಗದ್ದೆ ಕೈತಪ್ಪಿದ ಮೇಲೆ ಅವರು ಬದುಕುವುದು ಹೇಗೆ? ಮಿಶನ್ ಬಡಗಿ ಕೆಲಸ, ಪುಸ್ತಕ ಕಟ್ಟುವುದು, ಗಡಿಯಾರ ದುರಸ್ತಿ ಎಂದು ಒಂದೊಂದನ್ನೇ ಮಾಡಿನೋಡಿತು. ಕೆಲವು ಕೈಗೂಡಲಿಲ್ಲ. 1844ರಲ್ಲಿ ಶುರುವಾದ ನೇಯ್ಗೆ ಕೈಹಿಡಿಯಿತು. ಮುದ್ರಣದ ಅಚ್ಚುಮೊಳೆಗಳ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಶಾಲೆಯ ದೃಷ್ಟಿಯಿಂದ ಹೇಳಬೇಕಾದ ಮಾತು ಬೇರೆ. ಓದು ಒಂದು ಕಡೆ, ದುಡಿಮೆ ಒಂದು ಕಡೆ ಎಂದು ಇಲ್ಲಿ ಭಾಗ ಮಾಡಲಿಲ್ಲ. ಕಾರ್ಖಾನೆಯ ಕೂಲಿಯಿಂದ ಮನೆಗೆ ಆಸರೆ ಸಿಕ್ಕಿತು, ಆ ಮನೆಯ ಮಕ್ಕಳು ಹೊಲಕ್ಕೆ ಹೋಗದೆ ತರಗತಿಯಲ್ಲಿ ಕೂತರು. ಘಂಟೆಗೆ ಸರಿಯಾಗಿ ಬರುವುದು, ಲೆಕ್ಕ ಬರೆದಿಡುವುದು, ಹತ್ಯಾರವನ್ನು ಒರೆಸಿ ಜಾಗದಲ್ಲಿಡುವುದು ಎರಡೂ ಕಡೆ ಒಂದೇ ಶಿಸ್ತು.

ಈ ನಡುವೆ ಶಾಲೆಗಳು ಘಟ್ಟದ ಮೇಲೂ ಹರಡಿದವು. ಧಾರವಾಡಕ್ಕೆ ಮಿಶನ್ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗ-ಬೆಟಗೇರಿಗೆ 1841ರಲ್ಲಿ, ಗುಳೇದಗುಡ್ಡಕ್ಕೆ 1851ರಲ್ಲಿ, ಕರಾವಳಿಯಲ್ಲೇ ಇರುವ ಉಡುಪಿಗೆ 1854ರಲ್ಲಿ ಹೋಯಿತು. ಹೋದಲ್ಲೆಲ್ಲ ಮೊದಲು ಎದ್ದದ್ದು ಶಾಲೆ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಚನ್ನಪ್ಪ ಉತ್ತಂಗಿಯವರು ಈ ಉತ್ತರದ ಶಾಲೆಗಳ, ಬಲ್ಮಠದ ಸೆಮಿನರಿಯ ಮಗ. ಹೆಣ್ಣುಮಕ್ಕಳಿಗಾಗಿ ಮಂಗಳೂರಿನಲ್ಲಿ 1840ರ ದಶಕದಲ್ಲೇ ವಸತಿ ಶಾಲೆ ತೆರೆದರು. ಹೆಣ್ಣು ಓದಿದರೆ ಮನೆ ಕೆಡುತ್ತದೆ ಎಂಬ ಮಾತು ಎಲ್ಲ ಜಾತಿಗಳಲ್ಲೂ ಗಟ್ಟಿಯಾಗಿದ್ದ ಕಾಲದಲ್ಲಿ ಮಿಶನರಿಗಳ ಹೆಂಡಂದಿರು ಓದು, ಬರಹ, ಹೊಲಿಗೆಗಳನ್ನು ಹೇಳಿಕೊಟ್ಟರು. ಆ ಹೆಂಗಸರ ಹೆಸರುಗಳು ಗಂಡಂದಿರ ಹೆಸರುಗಳಷ್ಟು ನಮ್ಮ ಬಾಯಲ್ಲಿ ಬರುವುದಿಲ್ಲ. ಬರಬೇಕಿತ್ತು.

ಪಠ್ಯಪುಸ್ತಕಗಳ ವಿಷಯಕ್ಕೆ ಬಂದರೆ, ಬಾಸೆಲ್ ಮಿಶನ್ ಮುದ್ರಣಾಲಯದ ಕನ್ನಡ ಪುಸ್ತಕಗಳು ಮಿಶನ್ ಶಾಲೆಗಳಾಚೆಗೂ ನಡೆದವು. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದವರು. ಶಾಲೆಗೂ ಮುದ್ರಣಾಲಯಕ್ಕೂ ದುಡಿದವರು. ಕೇಶಿರಾಜನ 'ಶಬ್ದಮಣಿದರ್ಪಣ', ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಬಂದವು. 1894ರಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದನ್ನು ವಿದ್ವತ್ತಿನ ಸಾಧನೆ ಎಂದು ಹೊಗಳುತ್ತೇವೆ, ಸರಿ. ಅಕ್ಕಸಾಲಿಗನ ಮಾತು, ಒಕ್ಕಲಿಗನ ಮಾತು, ಗಾದೆ, ಬೈಗುಳ ಎಲ್ಲವೂ ಅದರಲ್ಲಿ ಸೇರಿರುವುದನ್ನು ನೋಡಿದರೆ, ಬಂದವರೆಲ್ಲರನ್ನೂ ಕೂರಿಸಿಕೊಂಡ ಶಾಲೆಯ ಪರಿಸರದಲ್ಲಿ ಬೆಳೆದ ಪುಸ್ತಕ ಅದು ಎನಿಸುತ್ತದೆ.

ಅಷ್ಟರಲ್ಲಿ ಊರಿನಲ್ಲಿ ಬೇರೆ ವಿದ್ಯಾಸಂಸ್ಥೆಗಳೂ ಎದ್ದವು. 1860ರ ದಶಕದಲ್ಲಿ ಸರಕಾರಿ ಶಾಲೆ, 1880ರಲ್ಲಿ ಜೆಸುಯಿಟರ ಸಂತ ಅಲೋಶಿಯಸ್, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು. ಒಬ್ಬರನ್ನು ನೋಡಿ ಇನ್ನೊಬ್ಬರು ಕಟ್ಟಿದರು. ಆ ಪೈಪೋಟಿಯಿಂದ ಯಾರೂ ಸೋಲಲಿಲ್ಲ, ಇಡೀ ಜಿಲ್ಲೆ ಓದಿತು.

1914–1956: ಕೈ ಬದಲಾದ ಕಾಲ

ಮೊದಲ ಮಹಾಯುದ್ಧ ಮಿಶನ್ನಿನ ಬೆನ್ನೆಲುಬನ್ನೇ ಅಲುಗಿಸಿತು. ಜರ್ಮನ್ ಪ್ರಜೆಗಳಾಗಿದ್ದ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದ ಶಿಬಿರಗಳಿಗೆ ಕಳಿಸಿ, ಆಮೇಲೆ ದೇಶದಿಂದ ಹೊರಗೆ ಹಾಕಿತು. ಕಾರ್ಖಾನೆಗಳು ಮುಟ್ಟುಗೋಲಾಗಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಶಾಲೆಗೆ ಆಸರೆಯಾಗಿದ್ದ ಹಣದ ಮೂಲವೂ ಕಲಿಸುವ ಹಿರಿಯರೂ ಒಟ್ಟಿಗೇ ಇಲ್ಲವಾದಂತಾಯಿತು. ಆಗ ಹೆಗಲು ಕೊಟ್ಟವರು ಇಲ್ಲಿಯ ಮೇಷ್ಟರುಗಳು. ಸಂಬಳ ತಡವಾದರೂ ಪಾಠ ತಡವಾಗದಂತೆ ನೋಡಿಕೊಂಡ ಆ ತಲೆಮಾರಿನ ಬಗ್ಗೆ ಬರೆದದ್ದು ಕಡಿಮೆ. ಸಂಸ್ಥೆ ನಿಜವಾಗಿ ಈ ನೆಲದ್ದಾದದ್ದು ಆ ವರ್ಷಗಳಲ್ಲೇ.

ದಕ್ಷಿಣ ಕನ್ನಡದ ಸಭೆಗಳು 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಸೇರಿದವು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಒಂದೇ ಮಿಶನ್ನಿನ ಶಾಲೆಗಳು ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳ ಕೆಳಗೆ ಬಂದವು. ಕಾಸರಗೋಡಿನ ಬಿ.ಇ.ಎಂ. ಹೈಸ್ಕೂಲು ಗಡಿಯ ಆಚೆಗೂ ಕನ್ನಡದಲ್ಲಿ ಪಾಠ ಹೇಳುತ್ತ ಬಂದಿದೆ. ಅಲ್ಲಿಯ ಕನ್ನಡಿಗರಿಗೆ ಅದು ಎಷ್ಟು ದೊಡ್ಡ ಆಸರೆ ಎಂದು ಗಡಿಯ ಈಚೆಗಿರುವ ನಮಗೆ ಪೂರ್ತಿ ತಿಳಿಯುವುದು ಕಷ್ಟ.

ಇತ್ತೀಚಿನ ದಶಕಗಳು, ಬೆಂಗಳೂರಿನ ಹೊರವಲಯ

ಕರಾವಳಿಯ ಮಿಶನ್ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ಬಂದರು. ಮೊದಲು ಪೀಣ್ಯದ ಕಾರ್ಖಾನೆಗಳಿಗೆ, ಆಮೇಲೆ ಎಲೆಕ್ಟ್ರಾನಿಕ್ ಸಿಟಿಗೆ, ವೈಟ್‌ಫೀಲ್ಡಿಗೆ. ವೈಟ್‌ಫೀಲ್ಡಿಗೂ ಕ್ರೈಸ್ತ ಸಮುದಾಯದ ಹಳೆಯ ನಂಟಿದೆ. ಆಂಗ್ಲೋ-ಇಂಡಿಯನ್ ಸಂಘದ ಡಿ.ಎಸ್. ವೈಟ್ ಅವರ ಯತ್ನದಿಂದ, ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ 1882ರಲ್ಲಿ ಹುಟ್ಟಿದ ಬೇಸಾಯದ ಊರು ಅದು. ಅಲ್ಲಿಯ ಮೊದಲ ನಿವಾಸಿಗಳ ಮನೆಮಾತು ಇಂಗ್ಲಿಷ್. ಇಂದು ಅದೇ ಸೀಮೆಯಲ್ಲಿ ದೇಶದ ಹಲವು ಭಾಷೆಗಳ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ಆದರೆ ಸಾಫ್ಟ್‌ವೇರ್ ಕೆಲಸದವರ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳು, ಕಟ್ಟಡ ಕೆಲಸಕ್ಕೆ ರಾಯಚೂರು, ಕಲಬುರಗಿಯಿಂದ ಬಂದವರ ಮಕ್ಕಳು ಹತ್ತಿರ ಹತ್ತಿರವೇ ವಾಸವಿದ್ದರೂ ಓದುವುದು ಬೇರೆ ಬೇರೆ ಶಾಲೆಗಳಲ್ಲಿ. ಶುಲ್ಕವೇ ಅವರನ್ನು ಬೇರ್ಪಡಿಸುತ್ತದೆ.

ಕ್ರೈಸ್ತ ಮೌಲ್ಯಗಳ ಹೆಸರಿನಲ್ಲಿ ಈ ವಲಯದಲ್ಲಿ ಶಾಲೆ ನಡೆಸುತ್ತಿರುವವರ ಮುಂದೆ 1836ರ ಪ್ರಶ್ನೆಯೇ ಇದೆ: ಯಾರಿಗಾಗಿ, ಯಾವ ಭಾಷೆಯಲ್ಲಿ? ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಕಾಯಿದೆ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆನ್ನುತ್ತದೆ. ಕಾಯಿದೆಗೆ ಅಂಜಿ ವಾರಕ್ಕೆ ಕೆಲವು ಪೀರಿಯಡ್ ಇಡುವುದು ಒಂದು ಬಗೆ. ಮನೆಯಲ್ಲಿ ತುಳು, ಕೊಂಕಣಿ ಆಡುವ ಮಕ್ಕಳಿಗೆ ಪುಸ್ತಕ ಬರೆದು, ಅಚ್ಚು ಹಾಕಿ, ಪತ್ರಿಕೆ ಹೊರಡಿಸಿ ಕನ್ನಡ ಕಲಿಸಿದ ಬಗೆ ಇನ್ನೊಂದು. ಮಲಯಾಳಂ, ತೆಲುಗು, ಹಿಂದಿ ಆಡುವ ಮಕ್ಕಳು ತುಂಬಿದ ಇಂದಿನ ತರಗತಿಗೆ ಆ ಎರಡನೆಯ ಬಗೆಯ ಮೇಷ್ಟರೇ ಬೇಕು.

ಮಂಗಳೂರಿನ ಶಾಲೆಗೆ ಬೇರೆ ಚಿಂತೆಗಳಿವೆ. ಅನುದಾನಿತ ಕನ್ನಡ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನಿವೃತ್ತರಾದ ಶಿಕ್ಷಕರ ಜಾಗ ಬೇಗ ತುಂಬುತ್ತಿಲ್ಲ. ಮುರಕಲ್ಲಿನ ಹಳೆಯ ಕಟ್ಟಡಕ್ಕೆ ಪ್ರತಿ ಮಳೆಗಾಲದ ಮುನ್ನ ಖರ್ಚಿದೆ. ಹಳೆಯ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಾರೆ, ಕೊಡಲಿ. ಅದರ ಜೊತೆಗೆ ಇನ್ನೊಂದು ಕೋರಿಕೆ. ಬಲ್ಮಠದ ಕರ್ನಾಟಕ ತಿಯೊಲಾಜಿಕಲ್ ಕಾಲೇಜಿನ ಗ್ರಂಥಭಂಡಾರದಲ್ಲಿ ಮಿಶನ್ನಿನ ಹಳೆಯ ಪುಸ್ತಕಗಳು, ಹಸ್ತಪ್ರತಿಗಳು, ಕಾಗದಪತ್ರಗಳಿವೆ. ಅಜ್ಜಿಯ ಪೆಟ್ಟಿಗೆಯಲ್ಲಿ ಬಾಸೆಲ್ ಮಿಶನ್ ಪ್ರೆಸ್ಸಿನ ಪಠ್ಯಪುಸ್ತಕ, ತರಗತಿಯ ಗುಂಪು ಫೋಟೊ, ಮೇಷ್ಟರಾಗಿದ್ದ ಅಜ್ಜನ ನೇಮಕದ ಕಾಗದ ಸಿಕ್ಕಿದರೆ, ಅದರ ಹಿಂದೆ ಊರು, ಇಸವಿ, ಗೊತ್ತಿದ್ದಷ್ಟು ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದು ಅಲ್ಲಿಗೆ ತಲುಪಿಸಿ. 1914ರ ನಂತರ ಶಾಲೆಯನ್ನು ಹೊತ್ತ ಮೇಷ್ಟರುಗಳ ಮತ್ತು ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮಂದಿರ ಚರಿತ್ರೆ ಇನ್ನೂ ಬರೆಯಬೇಕಾಗಿದೆ. ಅದಕ್ಕೆ ಬೇಕಾದ ಸಾಮಗ್ರಿ ಬಾಸೆಲ್‌ನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಮ್ಮ ಮನೆಗಳಲ್ಲೇ ಇದೆ.